ವರ್ಸಾಯ್ ಅರಮನೆಯನ್ನು ನಿಧಾನವಾಗಿ ನೋಡಲು ಒಂದು ದಿನದ ದಾರಿ

ಮೊದಲ ಸಲ ಫ್ರಾನ್ಸಿನ ವರ್ಸಾಯ್ ಅರಮನೆಗೆ ಹೋದಾಗ ನಾನು ಎಲ್ಲರ ಹಾಗೆ ಕನ್ನಡಿ ಪಡಸಾಲೆಯ ಕಡೆಗೇ ನಡೆದೆ. ನಡುವೆ ಸಿಕ್ಕ ಕೋಣೆಗಳೆಲ್ಲ ಬರೀ ದಾರಿಯಾಗಿ ಉಳಿದವು. ಮನೆಗೆ ಬಂದು ಫೋಟೊ ತೆರೆದರೆ ಮುಂದಿನವರ ತಲೆ, ಮೇಲೆತ್ತಿದ ಕೈ, ಆ ಕೈಯಲ್ಲಿ ಫೋನು. ಎಷ್ಟೋ ದಿನದ ಮೇಲೆ ಓದುತ್ತಾ ಕೂತಾಗ ಗೊತ್ತಾಯಿತು: ಹಾಗೆ ದಾಟಿಹೋದ ಕೋಣೆಗಳಲ್ಲೊಂದರಲ್ಲಿ, 1788ರ ಆಗಸ್ಟ್ 10ರಂದು, ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು ಹದಿನಾರನೇ ಲೂಯಿ ದೊರೆಯ ಮುಂದೆ ನಿಂತಿದ್ದರು. ಮೈಸೂರಿನ ಪರವಾಗಿ ಸಮುದ್ರ ದಾಟಿ ಬಂದವರು ನಿಂತ ನೆಲ ಅದು. ನಾನು ಅಲ್ಲಿ ಎರಡು ನಿಮಿಷವೂ ನಿಂತಿರಲಿಲ್ಲ.

ಎರಡನೇ ಸಲ ಹೋದದ್ದು ಆ ಕೋಣೆಗಾಗಿ. ಇಲ್ಲಿ ಹೇಳುತ್ತಿರುವ ದಾರಿ ಆ ಎರಡನೇ ಭೇಟಿಯದು. ಇದರಲ್ಲಿ ಅರಮನೆಯ ಎಲ್ಲವೂ ಬರುವುದಿಲ್ಲ. ಎಲ್ಲವನ್ನೂ ನೋಡುತ್ತೇನೆಂದು ಹೊರಟರೆ ಏನೂ ಕಣ್ಣಿಗೆ ಉಳಿಯದಷ್ಟು ದೊಡ್ಡ ಜಾಗ ಅದು.

ಹೆಸರಿನ ಬಗ್ಗೆ ಮೊದಲೇ ಒಂದು ಮಾತು. ಹೈಸ್ಕೂಲಿನ ಸಮಾಜ ಪಾಠದಲ್ಲಿ ನಾವು ಓದಿದ ‘ವರ್ಸೇಲ್ಸ್ ಒಪ್ಪಂದ’ದ ಊರೇ ಇದು. ಅಲ್ಲಿಯ ಜನ ಹೇಳುವುದು ‘ವೆರ್ಸಾಯ್’ ಎಂದು. ಸ್ಟೇಷನ್ನಿನಲ್ಲಿ ದಾರಿ ಕೇಳುವಾಗ ವರ್ಸೇಲ್ಸ್ ಎಂದರೆ ಎದುರಿನವರಿಗೆ ಅರ್ಥವಾಗುವುದು ಕಷ್ಟ.

ಹೊರಡುವ ಮೊದಲು

ಊರಿನಿಂದ ಹೊರಡುವ ಮೊದಲು ಸಾಧ್ಯವಾದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್‌ಗೆ ಒಮ್ಮೆ ಹೋಗಿಬನ್ನಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಬೇಸಿಗೆ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಅದರಲ್ಲಿ ಮೈಸೂರಿನ ಸೈನ್ಯದ ಜೊತೆ ನಿಂತ ಫ್ರೆಂಚ್ ಅಧಿಕಾರಿ ಲಾಲಿಯನ್ನೂ ಬರೆದಿದ್ದಾರೆ. ದೊರೆಯೊಬ್ಬ ತನ್ನ ಗೆಲುವನ್ನು ಗೋಡೆಯ ಮೇಲೆ ಹೇಗೆ ಹೇಳಿಸುತ್ತಾನೆ ಎಂಬುದನ್ನು ಅಲ್ಲಿ ನೋಡಿಕೊಂಡು ಹೋದರೆ ವರ್ಸಾಯ್‌ನ ಚಾವಣಿಗಳನ್ನು ಓದುವುದು ಸುಲಭ. ಅಲ್ಲಿ ನಡೆದಿರುವುದೂ ಅದೇ ಕೆಲಸ.

ಆಮೇಲೆ ದಿನ ಗೊತ್ತುಮಾಡಿ. ಅರಮನೆಗೆ ಸೋಮವಾರ ರಜೆ. ಜನವರಿ 1, ಮೇ 1, ಡಿಸೆಂಬರ್ 25ರಂದೂ ಬಾಗಿಲು ಮುಚ್ಚಿರುತ್ತದೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚುವುದರಿಂದ ಅವತ್ತು ಪ್ರವಾಸಿಗಳೆಲ್ಲ ಇತ್ತ ಬರುತ್ತಾರೆ. ಶನಿವಾರ, ಭಾನುವಾರ ಹೇಳುವುದೇ ಬೇಡ. ಉಳಿಯುವುದು ಬುಧ, ಗುರು, ಶುಕ್ರ. ನನ್ನ ಆಯ್ಕೆ ಶುಕ್ರವಾರ. ಕಾರಣವನ್ನು ಊಟದ ವಿಷಯ ಬಂದಾಗ ಹೇಳುತ್ತೇನೆ.

ಶುಕ್ರವಾರ ಆರಿಸಿಕೊಂಡರೆ ಒಂದು ನಷ್ಟವಿದೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಕಾಲದಲ್ಲಿ ಸಂಗೀತದ ಜೊತೆ ಕಾರಂಜಿಗಳೆಲ್ಲ ಚಿಮ್ಮುವುದು ಮುಖ್ಯವಾಗಿ ವಾರಾಂತ್ಯದಲ್ಲಿ ಮತ್ತು ಕೆಲವು ಮಂಗಳವಾರಗಳಲ್ಲಿ. ಮಕ್ಕಳಿದ್ದರೆ ಆ ದಿನಗಳಲ್ಲೇ ಹೋಗಿ, ಜನಸಂದಣಿ ಸಹಿಸಿಕೊಳ್ಳಿ. ಚಿತ್ರ, ಶಿಲ್ಪಗಳಿಗಾಗಿ ಹೋಗುವವರು ಕಾರಂಜಿ ಬಿಟ್ಟುಕೊಟ್ಟರೆ ಒಳಗೆ ಉಸಿರಾಡಲು ಜಾಗ ಸಿಗುತ್ತದೆ.

ಟಿಕೆಟ್ಟನ್ನು ಅರಮನೆಯ ಅಧಿಕೃತ ಜಾಲತಾಣದಲ್ಲೇ ಕೊಳ್ಳಿ. ಹುಡುಕಾಟದಲ್ಲಿ ಮೊದಲು ಕಾಣುವ ಜಾಲತಾಣಗಳು ಹಲವು ಸಲ ಮಧ್ಯವರ್ತಿಗಳವು, ಬೆಲೆ ಹೆಚ್ಚು. ನಿಮಗೆ ಬೇಕಾದ ಟಿಕೆಟ್ಟಿನ ಹೆಸರು ‘ಪಾಸ್‌ಪೋರ್ಟ್’. ಅರಮನೆ, ತೋಟ, ತೋಟದಾಚೆಯ ತ್ರಿಯಾನೋಂ ಎಂಬ ಸಣ್ಣ ಅರಮನೆಗಳು ಎಲ್ಲವೂ ಇದರಲ್ಲಿ ಸೇರಿವೆ. ಕೊಳ್ಳುವಾಗ ಅರಮನೆ ಪ್ರವೇಶದ ಸಮಯವನ್ನು ಆರಿಸಿಕೊಳ್ಳಬೇಕು. 18 ವರ್ಷದೊಳಗಿನವರಿಗೆ ಪ್ರವೇಶ ಉಚಿತ. 2026ರ ಜನವರಿಯಿಂದ ಯುರೋಪಿನ ಹೊರಗಿನಿಂದ ಬರುವವರಿಗೆ ದರ ಹೆಚ್ಚಾಗಿದೆ. ಹಾಗಾಗಿ ಹಳೆಯ ಪ್ರವಾಸ ಬರಹಗಳ ಬೆಲೆ ನಂಬಿ ಲೆಕ್ಕ ಹಾಕಬೇಡಿ. ಪ್ಯಾರಿಸ್ ಮ್ಯೂಸಿಯಂ ಪಾಸ್ ಇದ್ದವರೂ ಅರಮನೆಗೆ ಸಮಯ ಕಾದಿರಿಸಿಕೊಳ್ಳಬೇಕು.

ಯಾವ ಸಮಯ? ಬಹಳ ಜನ ಬೆಳಿಗ್ಗೆ ಒಂಬತ್ತನ್ನು ಹೇಳುತ್ತಾರೆ. ನಾನು ಹೇಳುವುದು ಮಧ್ಯಾಹ್ನ ಮೂರು. ಪ್ರವಾಸಿ ಬಸ್ಸುಗಳ ಗುಂಪುಗಳು ಬೆಳಿಗ್ಗೆಯೇ ಬಂದು ಅಷ್ಟರಲ್ಲಿ ಹೊರಡತೊಡಗಿರುತ್ತವೆ. ಅದಕ್ಕಿಂತ ದೊಡ್ಡ ಕಾರಣ ಬೆಳಕು: ಕನ್ನಡಿ ಪಡಸಾಲೆಯ ಕಿಟಕಿಗಳು ಪಶ್ಚಿಮಕ್ಕಿವೆ. ಬೆಳಿಗ್ಗೆ ಹೋದವರು ಮಂಕಾದ ಕನ್ನಡಿ ನೋಡಿ ಬರುತ್ತಾರೆ. ಅರಮನೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಸಂಜೆ ಆರೂವರೆಯ ತನಕ, ಚಳಿಗಾಲದಲ್ಲಿ ಐದೂವರೆಯ ತನಕ ತೆರೆದಿರುತ್ತದೆ. ಚಳಿಗಾಲದಲ್ಲಿ ಹೋಗುವವರು ಎರಡು ಗಂಟೆಯ ಸಮಯ ತೆಗೆದುಕೊಳ್ಳಿ.

ಪ್ಯಾರಿಸ್ಸಿನಿಂದ ಹೋಗುವುದು

ಪ್ಯಾರಿಸ್ಸಿನಿಂದ ನೈರುತ್ಯಕ್ಕೆ ಸುಮಾರು 20 ಕಿಲೋಮೀಟರು. ಅರಮನೆಗೆ ಹೋಗಲು ಇಳಿಯಬಹುದಾದ ಸ್ಟೇಷನ್‌ಗಳು ಮೂರು, ಗೊಂದಲವಾಗುವುದು ಇಲ್ಲೇ. ಆರ್‌ಇಆರ್ ಸಿ ಎಂಬ ಉಪನಗರ ರೈಲು ಮಾರ್ಗದ ‘ವೆರ್ಸಾಯ್ ಶಾತೋ ರೀವ್ ಗೋಶ್’ ಅರಮನೆಗೆ ತೀರ ಹತ್ತಿರ, ಹತ್ತು ನಿಮಿಷದ ನಡಿಗೆ. ಮೋಂಪಾರ್ನಾಸ್‌ನಿಂದ ಬರುವ ರೈಲು ‘ಶಾಂತ್ಯೇ’ಯಲ್ಲೂ ಸೇಂ ಲಜಾರ್‌ನಿಂದ ಬರುವುದು ‘ರೀವ್ ದ್ರುವಾತ್’ನಲ್ಲೂ ಇಳಿಸುತ್ತವೆ. ಅಲ್ಲಿಂದ ಇನ್ನೊಂದಿಷ್ಟು ನಡೆಯಬೇಕು, ಆದರೆ ಊರು ಚೆನ್ನಾಗಿದೆ, ಬೇಸರವಾಗುವುದಿಲ್ಲ. ಆರ್‌ಇಆರ್ ಸಿ ಮಾರ್ಗ ಕವಲೊಡೆಯುತ್ತದೆ. ಬಂದ ಮೊದಲ ರೈಲಿಗೆ ಹತ್ತದೆ, ಫಲಕದಲ್ಲಿ ‘ವೆರ್ಸಾಯ್ ಶಾತೋ’ ಎಂದಿರುವುದನ್ನು ನೋಡಿಕೊಂಡು ಹತ್ತಿ. 2025ರ ಜನವರಿಯಿಂದ ಪ್ಯಾರಿಸ್ ಪ್ರಾಂತ್ಯದ ಮೆಟ್ರೊ ಮತ್ತು ಸ್ಥಳೀಯ ರೈಲುಗಳಿಗೆ, ವಿಮಾನ ನಿಲ್ದಾಣದ ಪ್ರಯಾಣ ಬಿಟ್ಟು, ಒಂದೇ ದರ. ಹಾಗಾಗಿ ದೂರದ ಟಿಕೆಟ್, ಹತ್ತಿರದ ಟಿಕೆಟ್ ಎಂಬ ತಲೆನೋವು ಈಗಿಲ್ಲ. ಮಾರ್ಗದ ತುಂಬ ಪ್ರವಾಸಿಗಳೇ ಇರುವುದರಿಂದ ಜೇಬುಗಳ್ಳರೂ ಇರುತ್ತಾರೆ. ಚೀಲ ಬೆನ್ನ ಮೇಲಿನಿಂದ ಎದೆಯ ಮೇಲೆ ಬರಲಿ.

ಲಗೇಜ್ ತರಬೇಡಿ. ವಿಮಾನದೊಳಗೆ ಒಯ್ಯುವ ಚೀಲಕ್ಕಿಂತ ದೊಡ್ಡದನ್ನು ಅರಮನೆಗೆ ಬಿಡುವುದಿಲ್ಲ. ಸೆಲ್ಫಿ ಕೋಲು, ಫ್ಲ್ಯಾಷ್ ಎರಡೂ ನಿಷಿದ್ಧ. ಕಾಲಿಗೆ ಹಳೆಯ, ಪಳಗಿದ ಬೂಟು ಹಾಕಿ. ಅಂಗಳದ ಕಲ್ಲುಹಾಸು, ತೋಟದ ಜಲ್ಲಿ ದಾರಿ, ಎರಡೂ ಹೊಸ ಚಪ್ಪಲಿಗೆ ಒಗ್ಗುವುದಿಲ್ಲ. ಅರಮನೆಯ ಉಚಿತ ಆ್ಯಪನ್ನು ಹೋಟೆಲಿನ ವೈಫೈಯಲ್ಲೇ ಇಳಿಸಿಕೊಳ್ಳಿ.

ಬುತ್ತಿ

ಶುಕ್ರವಾರ ಎಂದದ್ದು ಇದಕ್ಕೆ. ಊರಿನ ನೋತ್ರ್ ದಾಮ್ ಮಾರುಕಟ್ಟೆಯ ಬಯಲಿನಲ್ಲಿ ಮಂಗಳವಾರ, ಶುಕ್ರವಾರ, ಭಾನುವಾರ ಬೆಳಿಗ್ಗೆ ಸಂತೆ ಇರುತ್ತದೆ. ಬಾಗೆತ್ ಬ್ರೆಡ್, ಹಣ್ಣು, ಟೊಮೆಟೊ, ಒಣ ಅಂಜೂರ, ಬೆಣ್ಣೆ ಕೊಂಡು ಚೀಲಕ್ಕೆ ಹಾಕಿಕೊಂಡರೆ ದಿನದ ಚಿಂತೆ ಕಳೆಯಿತು. ಒಳಗಿನ ಕೆಫೆಗಳು ದುಬಾರಿ. ನಮ್ಮಲ್ಲಿ ಕಟ್ಟುನಿಟ್ಟಾದ ಸಸ್ಯಾಹಾರಿಗಳಿಗೆ ಒಂದು ಸೂಚನೆ: ಫ್ರಾನ್ಸಿನ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹೆಚ್ಚಿನವನ್ನು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ಬೇಡವೆಂದರೆ ಬೆಣ್ಣೆಗೇ ನಿಲ್ಲಿ, ಆ ಬೆಣ್ಣೆ ಯಾವ ಚೀಸ್‌ಗೂ ಕಡಿಮೆಯಿಲ್ಲ.

ತೋಟದ ಹುಲ್ಲುಹಾಸಿನ ಮೇಲೆ ಕೂತು ತಿನ್ನುವಂತಿಲ್ಲ. ದೊಡ್ಡ ಕಾಲುವೆಯ ಆಚೀಚೆಯ ಉದ್ಯಾನದಲ್ಲಿ ಮರದ ಕೆಳಗೆ ಬುತ್ತಿ ಬಿಚ್ಚಬಹುದು.

ತೋಟ: ದೊರೆಯೇ ಬರೆದ ಕ್ರಮ

ಹತ್ತು ಗಂಟೆಯ ಹೊತ್ತಿಗೆ ಅರಮನೆಯ ಮುಂದೆ ಉದ್ದದ ಸಾಲು ಕಾಣುತ್ತದೆ. ನೀವು ಅದರಲ್ಲಿ ನಿಲ್ಲಬೇಕಾಗಿಲ್ಲ. ತೋಟದ ಪ್ರವೇಶ ಬೇರೆ, ನೇರ ಅಲ್ಲಿಗೆ ನಡೆಯಿರಿ.

ಈ ಅರಮನೆ ಶುರುವಾದದ್ದು 1623ರಲ್ಲಿ, ಹದಿಮೂರನೇ ಲೂಯಿ ಬೇಟೆಗೆ ಬಂದಾಗ ತಂಗಲು ಕಟ್ಟಿಸಿದ ಸಣ್ಣ ಮನೆಯಾಗಿ. ಮಗ ಹದಿನಾಲ್ಕನೇ ಲೂಯಿ ಅದನ್ನು ಬೆಳೆಸಿ ಬೆಳೆಸಿ 1682ರ ಮೇ 6ರಂದು ಇಡೀ ಆಸ್ಥಾನವನ್ನೇ ಇಲ್ಲಿಗೆ ತಂದ. ಕಟ್ಟಡಕ್ಕೆ ಲೂಯಿ ಲ ವೋ, ಆಮೇಲೆ ಆರ್ದುವ್ಯಾಂ ಮಾನ್ಸಾರ್. ಚಿತ್ರಕ್ಕೆ ಶಾರ್ಲ್ ಲ ಬ್ರ್ಯಾಂ. ತೋಟಕ್ಕೆ ಆಂದ್ರೆ ಲ ನೋತ್ರ್. ಇಷ್ಟು ಹೆಸರು ತಲೆಯಲ್ಲಿದ್ದರೆ ಇವತ್ತಿಗೆ ಸಾಕು.

ದೊರೆಗೆ ತೋಟದ ಮೇಲೆ ಎಷ್ಟು ಪ್ರೀತಿಯೆಂದರೆ, ಅದನ್ನು ಯಾವ ಕ್ರಮದಲ್ಲಿ ನೋಡಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂದು 1689ರಲ್ಲಿ ತಾನೇ ಬರೆದಿಟ್ಟ. ಆಮೇಲೂ ಹಲವು ಸಲ ತಿದ್ದಿದ. ಮುನ್ನೂರು ವರ್ಷ ಹಳೆಯ ಆ ಸೂಚನೆಯ ಆರಂಭ ಈಗಲೂ ಹಾಗೇ ಕೆಲಸಕ್ಕೆ ಬರುತ್ತದೆ. ಅರಮನೆಯ ಬೆನ್ನಿಗಿರುವ ಜಗಲಿಗೆ ಬನ್ನಿ. ಮೆಟ್ಟಿಲಿನ ತುದಿಯಲ್ಲಿ ನಿಂತು ಹೂಪಾತಿ, ಕೊಳಗಳು ಎಲ್ಲೆಲ್ಲಿವೆ ನೋಡಿ. ಆಮೇಲೆ ನೇರ ಲಾಟೋನಾ ಕಾರಂಜಿಯ ಮೇಲ್ತುದಿಗೆ ನಡೆದು ಮತ್ತೆ ನಿಲ್ಲಿ. ಅಲ್ಲಿಂದ ಕಾರಂಜಿ, ನೀಳ ಹುಲ್ಲುಹಾದಿ, ಅದರ ತುದಿಯ ಅಪೋಲೊ ಕೊಳ, ಆಚೆಗಿನ ಕಾಲುವೆ ಎಲ್ಲ ಒಂದೇ ಗೆರೆಯಲ್ಲಿ ಕಾಣುತ್ತವೆ. ನೋಡಿ ಮುಗಿದ ಮೇಲೆ ಹಿಂದಕ್ಕೆ ತಿರುಗಿ ಅರಮನೆಯನ್ನು ನೋಡಿ. ಈ ಕೊನೆಯದನ್ನು ಬಹಳ ಜನ ಮಾಡುವುದಿಲ್ಲ.

ಲಾಟೋನಾ ಕಾರಂಜಿಯ ಕತೆ ನಮ್ಮ ಪುರಾಣದ ಶಾಪದ ಕತೆಗಳಂತೆಯೇ ಇದೆ. ಲಾಟೋನಾ ದೇವತೆ ತನ್ನ ಅವಳಿ ಮಕ್ಕಳಾದ ಅಪೋಲೊ, ಡಯಾನಾರನ್ನು ಎತ್ತಿಕೊಂಡು ಬಾಯಾರಿ ಕೊಳದ ದಡಕ್ಕೆ ಬರುತ್ತಾಳೆ. ಅಲ್ಲಿಯ ರೈತರು ಕುಡಿಯಲು ಬಿಡದೆ ನೀರನ್ನು ಕಲಕಿ ಕೆಸರು ಮಾಡುತ್ತಾರೆ. ಅವಳ ಮೊರೆ ಕೇಳಿ ಜುಪಿಟರ್ ಅವರನ್ನು ಕಪ್ಪೆಗಳಾಗಿಸುತ್ತಾನೆ. ಸುತ್ತಲಿನ ಆಕೃತಿಗಳನ್ನು ಒಂದೊಂದಾಗಿ ನೋಡಿ: ಕೆಲವು ಪೂರ್ತಿ ಕಪ್ಪೆ, ಕೆಲವಕ್ಕೆ ಮನುಷ್ಯನ ಮೈಯ ಮೇಲೆ ಕಪ್ಪೆಯ ಬಾಯಿ. ಮಾತು ಮುಗಿಯುವ ಮೊದಲೇ ಬಾಯಿ ಅಗಲವಾಗುತ್ತಿರುವ ಆ ಕ್ಷಣವನ್ನು ಶಿಲ್ಪಿಗಳು ಹಿಡಿದಿದ್ದಾರೆ.

ನೀರಿನ ವಿಷಯದಲ್ಲಿ ದೊರೆ ಎಂದೂ ಗೆಲ್ಲಲಿಲ್ಲ. ಸೇನ್ ನದಿಯಿಂದ ನೀರೆತ್ತಲು 1684ರಲ್ಲಿ ಮಾರ್ಲಿಯಲ್ಲಿ 14 ಚಕ್ರಗಳ ಭಾರಿ ಯಂತ್ರ ಶುರುವಾಯಿತು. ಆಗಲೂ ಎಲ್ಲ ಕಾರಂಜಿಗೆ ಒಟ್ಟಿಗೆ ನೀರು ಸಾಲದು. ದೊರೆ ಹತ್ತಿರ ಬರುತ್ತಿದ್ದಂತೆ ಕೆಲಸದವರು ಸಿಳ್ಳೆ ಹೊಡೆದು ಮುಂದಿನವರಿಗೆ ತಿಳಿಸುತ್ತಿದ್ದರು. ಅವನು ಬರುವಾಗ ಒಂದು ಕಾರಂಜಿ ಚಿಮ್ಮುತ್ತಿತ್ತು, ದಾಟಿದೊಡನೆ ನಿಲ್ಲುತ್ತಿತ್ತು. ಬಯಲುಸೀಮೆಯಲ್ಲಿ ನಲ್ಲಿ ನೀರಿನ ಸರದಿ ಕಂಡವರಿಗೆ ಈ ಏರ್ಪಾಡು ಬೇಗ ಅರ್ಥವಾಗುತ್ತದೆ.

ಎಡಕ್ಕೆ ಹೋಗಿ ಮೇಲಿನಿಂದ ಕಿತ್ತಳೆ ತೋಟವನ್ನು ಇಣುಕಿ ನೋಡಿ. ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಸಾವಿರಕ್ಕೂ ಹೆಚ್ಚು ಮರಗಳು ಮರದ ಪೆಟ್ಟಿಗೆಗಳಲ್ಲಿ ಬಯಲಿಗೆ ಬಂದಿರುತ್ತವೆ. ಚಳಿಗಾಲಕ್ಕೆ ಅಷ್ಟನ್ನೂ ಒಳಗೆ ಸಾಗಿಸುತ್ತಾರೆ. ಆಮೇಲೆ ಕೆಳಗಿಳಿದು ಅಪೋಲೊ ಕೊಳದ ಕಡೆ ನಡೆಯಿರಿ. ನೀರಿನಿಂದ ಮೇಲೇಳುವ ರಥ, ಕುದುರೆಗಳು, ಸೂರ್ಯದೇವ. ಅದರಾಚೆ 1,670 ಮೀಟರ್ ಉದ್ದದ ಕಾಲುವೆ. ಬುತ್ತಿ ಬಿಚ್ಚಲು ಇದೇ ಜಾಗ.

ತ್ರಿಯಾನೋಂ

ತ್ರಿಯಾನೋಂ ಮನೆಗಳ ಬಾಗಿಲು ತೆರೆಯುವುದು ಹನ್ನೆರಡಕ್ಕೆ. ಗುಲಾಬಿ ಅಮೃತಶಿಲೆಯ ದೊಡ್ಡ ತ್ರಿಯಾನೋಂ ಅನ್ನು ಮಾನ್ಸಾರ್ 1687ರಲ್ಲಿ ಕಟ್ಟಿದ. ಸಣ್ಣ ತ್ರಿಯಾನೋಂ ಮುಂದೆ ರಾಣಿ ಮಾರಿ ಆಂತ್ವಾನೆತ್‌ಳದಾಯಿತು. ಒಂದನ್ನು ಬಿಡಬೇಕಾದರೆ ದೊಡ್ಡದನ್ನು ಬಿಡಿ, ರಾಣಿಯ ‘ಹಳ್ಳಿ’ಗೆ ಹೋಗಿ. 1783ರಿಂದ ಕಟ್ಟಿಸಿದ ಹುಲ್ಲು ಮಾಡಿನ ಮನೆಗಳು, ಕೆರೆ, ಹಾಲಿನ ಕೊಟ್ಟಿಗೆ ಎಲ್ಲ ಇವೆ. ಹಳೆಯದಾಗಿ ಕಾಣಲೆಂದು ಹೊಸ ಗೋಡೆಗಳ ಮೇಲೆ ಬಿರುಕುಗಳನ್ನು ಬಣ್ಣದಲ್ಲಿ ಬರೆಸಿದ್ದರು. ಹಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಅಲ್ಲಿ ನಿಂತಾಗ ಮನಸ್ಸು ಭಾರವಾಯಿತು. ಆ ಬಿರುಕುಗಳು ನಿಜವಾಗಿದ್ದ ಮನೆಗಳಲ್ಲಿ ಆಗ ಫ್ರಾನ್ಸಿನ ರೈತರು ಬದುಕುತ್ತಿದ್ದರು.

ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಇಷ್ಟೆಲ್ಲ ನಡೆಸಬೇಡಿ. ಅರಮನೆಗೂ ತ್ರಿಯಾನೋಂಗೂ ನಡುವೆ ಹಣ ಕೊಟ್ಟು ಹತ್ತುವ ಪುಟ್ಟ ರೈಲುಗಾಡಿ ಓಡಾಡುತ್ತದೆ. ನಡೆಯುವವರಿಗೆ ವಾಪಸ್ಸು ಅರ್ಧ ಗಂಟೆ, ಅದೂ ಏರುದಾರಿ. ಎರಡು ಗಂಟೆಗೇ ಹೊರಟುಬಿಡಿ.

ಅರಮನೆಯ ಒಳಗೆ

ಬಿಡಿ ಪ್ರವಾಸಿಗಳಿಗೆ ‘ಎ’ ಬಾಗಿಲು. ತಪಾಸಣೆ ಮುಗಿಸಿ, ಶೌಚಾಲಯಕ್ಕೆ ಮೊದಲೇ ಹೋಗಿಬಂದು ಒಳನಡೆಯಿರಿ. ಕೆಲವು ಕೋಣೆಗಳು ಆಗಾಗ ದುರಸ್ತಿಗಾಗಿ ಮುಚ್ಚಿರುತ್ತವೆ, ಹೋಗುವ ದಿನ ಜಾಲತಾಣ ನೋಡಿಕೊಂಡರೆ ನಿರಾಸೆ ತಪ್ಪುತ್ತದೆ.

ಮಹಡಿಯಲ್ಲಿ ಮೊದಲು ಕಾಣುವುದು 1710ರಲ್ಲಿ ಮುಗಿದ ಪ್ರಾರ್ಥನಾಮಂದಿರ. ನೀವು ನಿಂತಿರುವ ಮೇಲಿನ ಅಂತಸ್ತಿನಿಂದಲೇ ದೊರೆ ಪೂಜೆ ನೋಡುತ್ತಿದ್ದ, ಆಸ್ಥಾನಿಕರು ಕೆಳಗೆ. ಹದಿನಾರನೇ ಲೂಯಿಗೂ ಮಾರಿ ಆಂತ್ವಾನೆತ್‌ಗೂ 1770ರ ಮೇ 16ರಂದು ಮದುವೆಯಾದದ್ದು ಇಲ್ಲಿ.

ಮುಂದಿನ ಕೋಣೆಯೇ ಹರ್ಕ್ಯುಲಿಸ್ ಸಾಲೆ. ಜನ ಸರಸರ ಹೋಗುತ್ತಿರುತ್ತಾರೆ. ನೀವು ಗೋಡೆಯ ಬದಿಗೆ ಸರಿದು ಹದಿನೈದು ನಿಮಿಷ ನಿಲ್ಲಿ.

ಮೊದಲು ಚಾವಣಿ. ಫ್ರಾನ್ಸ್ವಾ ಲ್ಮುವಾನ್ ಇದನ್ನು ಬರೆದು ಮುಗಿಸಿದ್ದು 1736ರಲ್ಲಿ. ಕ್ಯಾನ್ವಾಸ್ ಮೇಲೆ ಬರೆದು ಚಾವಣಿಗೆ ಅಂಟಿಸಿದ ಚಿತ್ರ, ಒಟ್ಟು 142 ಆಕೃತಿಗಳು. ರಥವೇರಿ ಸ್ವರ್ಗಕ್ಕೆ ಹೋಗುವ ಹರ್ಕ್ಯುಲಿಸ್‌ನನ್ನು ಹುಡುಕಿ. ಅವನಿಗೆ ಹೆಂಡತಿಯಾಗಿ ಜುಪಿಟರ್ ಕೊಡುವ ಹೀಬಿಯನ್ನೂ ಹುಡುಕಿ. ಆಮೇಲೆ ಅಂಚಿನತ್ತ ಕಣ್ಣು ತನ್ನಿ. ಕಲ್ಲಿನ ಶಿಲ್ಪವೋ ಬಣ್ಣವೋ ತಿಳಿಯದಂತೆ ಬರೆದ ಭಾಗಗಳು ಅಲ್ಲಿವೆ. ಈ ಕೆಲಸ ನೋಡಿ ಹದಿನೈದನೇ ಲೂಯಿ ಅವನನ್ನು ಆಸ್ಥಾನದ ಮೊದಲ ಚಿತ್ರಕಾರನನ್ನಾಗಿ ಮಾಡಿದ. ಮರುವರ್ಷವೇ ಲ್ಮುವಾನ್ ತನ್ನ ಕೈಯಾರೆ ಪ್ರಾಣ ಕಳೆದುಕೊಂಡ.

ಇನ್ನು ಗೋಡೆ. ಹೆಚ್ಚುಕಮ್ಮಿ ಹತ್ತು ಮೀಟರ್ ಅಗಲದ ಚಿತ್ರ ವೆನಿಸ್ಸಿನ ವೆರೊನೀಸ್‌ನದು, 1570ರದು. ಸೈಮನ್ ಎಂಬವನ ಮನೆಯ ಔತಣದಲ್ಲಿ ಮಗ್ದಲದ ಮರಿಯ ಯೇಸುವಿನ ಪಾದ ತೊಳೆಯುತ್ತಿದ್ದಾಳೆ. 1664ರಲ್ಲಿ ವೆನಿಸ್ ಗಣರಾಜ್ಯ ಇದನ್ನು ಹದಿನಾಲ್ಕನೇ ಲೂಯಿಗೆ ಉಡುಗೊರೆ ಕೊಟ್ಟಿತು. ಹತ್ತಿರ ಹೋದರೆ ಬರೀ ಬಟ್ಟೆ, ಪಾತ್ರೆ ಕಾಣುತ್ತವೆ. ಕೋಣೆಯ ಎದುರು ಗೋಡೆಗೆ ಬೆನ್ನು ತಾಗುವಷ್ಟು ಹಿಂದಕ್ಕೆ ಬನ್ನಿ, ಆಗ ಇಡೀ ಔತಣ ತೆರೆದುಕೊಳ್ಳುತ್ತದೆ.

ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಈ ಕೋಣೆಗೆ ಬಂದಾಗಲೂ ಆ ಚಾವಣಿ, ಆ ಚಿತ್ರ ಇಲ್ಲಿದ್ದವು. 1787ರಲ್ಲಿ ಪಾಂಡಿಚೇರಿಯಲ್ಲಿ ಹಡಗು ಹತ್ತಿದವರು 1788ರ ಜೂನ್‌ನಲ್ಲಿ ತುಲೋಂ ಬಂದರಿನಲ್ಲಿ ಇಳಿದರು. ಪ್ಯಾರಿಸ್ಸಿನ ಜನ ಇವರನ್ನು ನೋಡಲು ಮುಗಿಬಿದ್ದರು. ಟಿಪ್ಪು ಬಯಸಿದ್ದು ಬ್ರಿಟಿಷರ ವಿರುದ್ಧ ಸೈನ್ಯದ ನೆರವು, ಜೊತೆಗೆ ಕುಶಲಕರ್ಮಿಗಳು, ತೋಟಗಾರರು, ಗಿಡ ಬೀಜಗಳು. ದೊರೆಯ ಕೈ ಎಷ್ಟು ಕಟ್ಟಿತ್ತು ಎಂಬುದು ದಿನಾಂಕಗಳಲ್ಲೇ ಇದೆ. ಈ ದರ್ಬಾರಿಗೆ ಎರಡು ದಿನ ಮೊದಲು, ಆಗಸ್ಟ್ 8ರಂದು, ಹಣಕಾಸಿನ ಬಿಕ್ಕಟ್ಟಿನಿಂದಾಗಿ ದೇಶದ ಪ್ರತಿನಿಧಿ ಸಭೆಯನ್ನು ಕರೆಯುವ ಆಜ್ಞೆ ಹೊರಟಿತ್ತು. ಆರು ದಿನದ ಮೇಲೆ, ಆಗಸ್ಟ್ 16ರಂದು, ಖಜಾನೆ ತನ್ನ ಪಾವತಿಗಳಲ್ಲಿ ಒಂದು ಪಾಲನ್ನು ನಿಲ್ಲಿಸಿತು. ಸೈನ್ಯ ಸಿಗಲಿಲ್ಲ. ಕುಶಲಕರ್ಮಿಗಳೂ ಸೆವ್ರ್ ಪಿಂಗಾಣಿಯ ಉಡುಗೊರೆಗಳೂ ಸಿಕ್ಕವು. ಸರಿಯಾಗಿ ನಾಲ್ಕು ವರ್ಷಕ್ಕೆ, 1792ರ ಅದೇ ಆಗಸ್ಟ್ 10ರಂದು, ಜನ ಪ್ಯಾರಿಸ್ಸಿನ ತ್ವಿಲರೀ ಅರಮನೆಗೆ ನುಗ್ಗಿ ಹದಿನಾರನೇ ಲೂಯಿಯ ಆಳ್ವಿಕೆ ಮುಗಿಸಿದರು. ನೆರವು ಕೇಳಿದ ಟಿಪ್ಪು 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಬಿದ್ದ. ಈ ಕೋಣೆಯಲ್ಲಿ ಆ ಭೇಟಿಯನ್ನು ನೆನಪಿಸುವ ದೊಡ್ಡ ಗುರುತು ನನ್ನ ಕಣ್ಣಿಗೆ ಬೀಳಲಿಲ್ಲ. ನೆನಪು ನಿಮ್ಮ ಜೊತೆಯೇ ಬರಬೇಕು.

ಇಲ್ಲಿಂದ ಮುಂದೆ ಗ್ರಹಗಳ ಹೆಸರಿನ ಕೋಣೆಗಳ ಸಾಲು: ವೀನಸ್, ಡಯಾನಾ, ಮಾರ್ಸ್, ಮರ್ಕ್ಯುರಿ, ಅಪೋಲೊ. ಎಲ್ಲ ಕಡೆ ನಿಲ್ಲಬೇಡಿ. ವೀನಸ್ ಕೋಣೆಯಲ್ಲಿ ಗೋಡೆಯ ಗೂಡಿನಲ್ಲಿ ನಿಂತಂತೆ ಕಾಣುವ ಎರಡು ಮೂರ್ತಿಗಳು ನಿಜಕ್ಕೂ ಬಣ್ಣದ ಚಿತ್ರಗಳು, ಪಕ್ಕಕ್ಕೆ ನಡೆಯುತ್ತಾ ನೋಡಿದರೆ ತಿಳಿಯುತ್ತದೆ. ಡಯಾನಾ ಕೋಣೆಯಲ್ಲಿ ಬೆರ್ನೀನಿ 1665ರಲ್ಲಿ ಕಡೆದ ಹದಿನಾಲ್ಕನೇ ಲೂಯಿಯ ಎದೆಮಟ್ಟದ ಪ್ರತಿಮೆಯಿದೆ. ಲೂವ್ರ್ ಅರಮನೆಗೆ ಹೊಸ ವಿನ್ಯಾಸ ಮಾಡಲು ಆ ಶಿಲ್ಪಿಯನ್ನು ರೋಮ್‌ನಿಂದ ಕರೆಸಿದ್ದರು. ವಿನ್ಯಾಸ ಕಾಗದದಲ್ಲೇ ಉಳಿಯಿತು, ಈ ಪ್ರತಿಮೆ ಕೈಗೆ ಬಂತು. ಕಲ್ಲಿನ ಬಟ್ಟೆ ಗಾಳಿಗೆ ಹಾರುತ್ತಿದೆ, ಮುಖ ಮಾತ್ರ ಅಲುಗದೆ ನಿಂತಿದೆ. ನನ್ನ ಮಟ್ಟಿಗೆ ಅರಮನೆಯ ಅತ್ಯುತ್ತಮ ಶಿಲ್ಪ ಇದು. ಅಪೋಲೊ ಸಿಂಹಾಸನದ ಕೋಣೆ. ಬೆಳ್ಳಿಯ ಸಿಂಹಾಸನವನ್ನೂ ಅರಮನೆಯ ಬೆಳ್ಳಿ ಪೀಠೋಪಕರಣಗಳೆಲ್ಲವನ್ನೂ ಯುದ್ಧದ ಖರ್ಚಿಗೆಂದು 1689ರಲ್ಲಿ ಕರಗಿಸಿದರು.

ಕನ್ನಡಿ ಪಡಸಾಲೆ

ನಾಲ್ಕೂವರೆಯ ಹೊತ್ತಿಗೆ ಇಲ್ಲಿ ಬಂದಿರುತ್ತೀರಿ. 73 ಮೀಟರ್ ಉದ್ದ, ತೋಟದ ಕಡೆಗೆ 17 ಕಿಟಕಿ, ಎದುರಿಗೆ 17 ಕನ್ನಡಿ ಕಮಾನು. ಒಂದು ಕಮಾನಿನ ಮುಂದೆ ನಿಂತು ಕನ್ನಡಿಯ ಸಂದುಗಳನ್ನು ನೋಡಿ. ಒಂದೊಂದೂ 21 ತುಂಡುಗಳನ್ನು ಜೋಡಿಸಿದ್ದು, ಒಟ್ಟು 357. ಇದು ಕಟ್ಟಿದ 1678–84ರ ಕಾಲದಲ್ಲಿ ಅಷ್ಟು ದೊಡ್ಡ ಗಾಜನ್ನು ಒಂದೇ ಹಾಳೆಯಾಗಿ ಮಾಡಲು ಬರುತ್ತಿರಲಿಲ್ಲ. ಒಳ್ಳೆಯ ಕನ್ನಡಿಯ ಗುಟ್ಟು ವೆನಿಸ್ಸಿನವರ ಕೈಯಲ್ಲಿತ್ತು. ಮಂತ್ರಿ ಕೋಲ್ಬೇರ್ ಅಲ್ಲಿಯ ಕೆಲಸಗಾರರನ್ನು ಸೆಳೆದು 1665ರಲ್ಲಿ ಫ್ರಾನ್ಸಿನದೇ ಕಾರ್ಖಾನೆ ಶುರುಮಾಡಿಸಿದ್ದ. ಬಂದ ವಿದೇಶಿ ರಾಯಭಾರಿಗೆ ಈ ಗೋಡೆ ತೋರಿಸುವುದೆಂದರೆ ಆ ಗೆಲುವನ್ನು ತೋರಿಸುವುದು.

ಕಂಬಗಳ ತಲೆಯ ಕಂಚಿನ ಕೆಲಸದಲ್ಲಿ ಹುಂಜವೂ ಲಿಲ್ಲಿ ಹೂವೂ ಇವೆ, ಹುಡುಕಿ. ಚಾವಣಿಯಲ್ಲಿ ಲ ಬ್ರ್ಯಾಂ ಬರೆದಿರುವುದು ಹದಿನಾಲ್ಕನೇ ಲೂಯಿ ಸ್ವತಃ ಆಳಿದ ಮೊದಲ 18 ವರ್ಷ. ನಡುವಿನ ಚಿತ್ರದಲ್ಲಿ ಅವನು 1661ರಲ್ಲಿ ಆಡಳಿತವನ್ನು ಸ್ವತಃ ಕೈಗೆ ತೆಗೆದುಕೊಳ್ಳುತ್ತಿದ್ದಾನೆ. ದರಿಯಾ ದೌಲತ್‌ನ ಗೋಡೆ ನೆನಪಾಗುವುದು ಇಲ್ಲಿ. 1871ರ ಜನವರಿ 18ರಂದು ಜರ್ಮನ್ ಸಾಮ್ರಾಜ್ಯದ ಘೋಷಣೆಯಾದದ್ದೂ 1919ರ ಜೂನ್ 28ರಂದು ನಮ್ಮ ಪಠ್ಯಪುಸ್ತಕದ ಆ ಒಪ್ಪಂದಕ್ಕೆ ಸಹಿ ಬಿದ್ದದ್ದೂ ಇದೇ ಪಡಸಾಲೆಯಲ್ಲಿ. ಸೋತ ಫ್ರೆಂಚರ ಮನೆಯಲ್ಲಿ ಗೆದ್ದ ಜರ್ಮನರು ನಡೆಸಿದ ಸಮಾರಂಭ ಮೊದಲಿನದು. ಎರಡನೆಯದು ಅದಕ್ಕೆ ಕೊಟ್ಟ ಉತ್ತರ, ಜಾಗವನ್ನು ಅದಕ್ಕೆಂದೇ ಆರಿಸಿದ್ದರು.

ಮಲಗುವ ಕೋಣೆಗಳು, ಒಂದು ಖಾಲಿ ತೊಟ್ಟಿಲು

ಹದಿನಾಲ್ಕನೇ ಲೂಯಿಯ ಮಲಗುವ ಕೋಣೆ ಅರಮನೆಯ ನಟ್ಟನಡುವೆ, ಸೂರ್ಯ ಹುಟ್ಟುವ ದಿಕ್ಕಿಗೆ ಮುಖಮಾಡಿದೆ. ಅವನು ಏಳುವುದು, ಮಲಗುವುದು ಎರಡೂ ಆಸ್ಥಾನಿಕರ ಮುಂದೆ ನಡೆಯುವ ವಿಧಿ. ದೇವಸ್ಥಾನದ ಸುಪ್ರಭಾತ, ಏಕಾಂತ ಸೇವೆ ಕಂಡ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ವಿಧಿ ಅದೇ, ಇಲ್ಲಿ ಮೂರ್ತಿಯ ಜಾಗದಲ್ಲಿ ಮನುಷ್ಯನಿದ್ದ. 1715ರ ಸೆಪ್ಟೆಂಬರ್ 1ರಂದು ಅವನು ಸತ್ತದ್ದೂ ಇಲ್ಲೇ.

ರಾಣಿಯ ಕೋಣೆಯಲ್ಲಿ ಹಾಸಿಗೆಯ ಎಡಕ್ಕೆ ಗೋಡೆಯ ಬಟ್ಟೆಯಲ್ಲೇ ಬೆರೆತ ಸಣ್ಣ ಬಾಗಿಲಿದೆ. 1789ರ ಅಕ್ಟೋಬರ್ 6ರ ಬೆಳಗಿನ ಜಾವ ಪ್ಯಾರಿಸ್ಸಿನಿಂದ ನಡೆದು ಬಂದ ಜನ ಒಳನುಗ್ಗಿದಾಗ ಮಾರಿ ಆಂತ್ವಾನೆತ್ ತಪ್ಪಿಸಿಕೊಂಡದ್ದು ಆ ಬಾಗಿಲಿನಿಂದ. ಅವತ್ತೇ ರಾಜ ಪರಿವಾರ ವರ್ಸಾಯ್ ಬಿಟ್ಟಿತು.

ಅಲ್ಲೇ ಮುಂದೆ, ದೊರೆ ರಾಣಿಯರು ಸಾರ್ವಜನಿಕವಾಗಿ ಊಟಕ್ಕೆ ಕೂರುತ್ತಿದ್ದ ಕೋಣೆಯಲ್ಲಿ, ಎಲಿಸಬೆತ್ ವಿಜೆ ಲ ಬ್ರ್ಯಾಂ 1787ರಲ್ಲಿ ಬರೆದ ರಾಣಿ ಮತ್ತು ಮಕ್ಕಳ ದೊಡ್ಡ ಚಿತ್ರವಿದೆ. ಹುಡುಗ ಬೆರಳು ತೋರಿಸುತ್ತಿರುವ ತೊಟ್ಟಿಲು ಖಾಲಿ. ಆ ವರ್ಷ ತೀರಿಕೊಂಡ ಮಗು ಸೋಫಿಯ ತೊಟ್ಟಿಲು ಅದು. ಇಲ್ಲಿಯೂ ಹತ್ತು ನಿಮಿಷ ಕೊಡಿ. ಮರುವರ್ಷ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದದ್ದು ಇದೇ ಚಿತ್ರಕಾರ್ತಿ. ರಾಯಭಾರಿಗಳನ್ನು ಒಪೆರಾದಲ್ಲಿ ಕಂಡು ಬರೆಯಲು ಆಸೆಪಟ್ಟಳು. ದೊರೆ ಹೇಳಿದರೆ ಮಾತ್ರ ಎಂದರು. ಹೇಳಿಸಿದಳು. ಬರೆದು ಮುಗಿದ ಮೇಲೆ ದರ್ವೇಶ್ ಖಾನ್ ಅದನ್ನು ಹಾಸಿಗೆಯ ಹಿಂದೆ ಬಚ್ಚಿಟ್ಟುಕೊಂಡು ಕೊಡಲೊಲ್ಲೆ ಎಂದನೆಂದು ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾಳೆ. ಆ ಚಿತ್ರವನ್ನು ಇಲ್ಲಿ ಹುಡುಕಬೇಡಿ. 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಫೋನಿನಲ್ಲಿ ಅದರ ಪ್ರತಿಯೊಂದನ್ನು ಇಟ್ಟುಕೊಂಡು ಹೋಗಿ, ರಾಣಿಯ ಚಿತ್ರದ ಮುಂದೆ ತೆರೆದು ನೋಡಿ. ರಾಣಿಯ ಕೆಂಪು ಮಖಮಲ್ಲಿಗೂ ನಮ್ಮವನ ಬಿಳಿ ಮಸ್ಲಿನ್ನಿಗೂ ಆ ಕೈ ಕೊಟ್ಟ ಗಮನ ಒಂದೇ.

ಇನ್ನುಳಿದದ್ದು ಬೇಗ ಆಗುತ್ತದೆ. ಪಟ್ಟಾಭಿಷೇಕದ ಕೋಣೆಯಲ್ಲಿ ದಾವಿದ್ ಬರೆದ ನೆಪೋಲಿಯನ್ ಪಟ್ಟಾಭಿಷೇಕವಿದೆ. ಮೊದಲನೆಯದು ಲೂವ್ರ್‌ನಲ್ಲಿದೆ, ಇದು ಅವನೇ 1822ರಲ್ಲಿ ಮುಗಿಸಿದ ಎರಡನೆಯ ಪ್ರತಿ. ಲೂವ್ರ್ ನೋಡಿ ಬಂದಿದ್ದರೆ ನೆಪೋಲಿಯನ್ನನ ತಂಗಿಯರ ಸಾಲಿನಲ್ಲಿ ಒಬ್ಬಳ ಉಡುಪು ಗುಲಾಬಿಯಾಗಿರುವುದು ಕಾಣುತ್ತದೆ. ಕೊನೆಗೆ 120 ಮೀಟರ್ ಉದ್ದದ ಯುದ್ಧಗಳ ಪಡಸಾಲೆ, 1837ರಲ್ಲಿ ಲೂಯಿ ಫಿಲಿಪ್ ದೊರೆ ಅರಮನೆಯನ್ನು ಮ್ಯೂಸಿಯಂ ಮಾಡಿದಾಗ ತೆರೆದದ್ದು. ಕಾಲು ಸೋತಿರುತ್ತದೆ. ದೆಲಕ್ರುವಾ ಬರೆದ ತಾಯ್ಬೂರ್ ಯುದ್ಧದ ಮುಂದೆ ಮಾತ್ರ ನಿಂತು ಹೊರಬನ್ನಿ.

ವಾಪಸ್ಸು

ರೀವ್ ಗೋಶ್ ಕೊನೆಯ ಸ್ಟೇಷನ್, ಅಲ್ಲಿಂದ ಹೊರಡುವ ರೈಲುಗಳೆಲ್ಲ ಪ್ಯಾರಿಸ್ಸಿನ ಕಡೆಗೇ ಹೋಗುತ್ತವೆ. ಸಂಜೆ ಟಿಕೆಟ್ ಯಂತ್ರಗಳ ಮುಂದೆ ಸಾಲು ಉದ್ದ, ಹಿಂದಿರುಗುವ ಟಿಕೆಟ್ಟನ್ನು ಬೆಳಿಗ್ಗೆಯೇ ತೆಗೆದಿಟ್ಟುಕೊಳ್ಳಿ. ಇನ್ನೊಂದು ಅರ್ಧ ದಿನ ಕೈಯಲ್ಲಿದ್ದರೆ ಪ್ಯಾರಿಸ್ಸಿಗೂ ವರ್ಸಾಯ್‌ಗೂ ನಡುವಿನ ಸೆವ್ರ್ ಊರಿಗೆ ಹೋಗಿ. ರಾಯಭಾರಿಗಳಿಗೆ ಉಡುಗೊರೆಯಾಗಿ ಹೋದ ಪಿಂಗಾಣಿಯ ಊರು ಅದು. ಅಲ್ಲಿಯ ಕುಲುಮೆಗಳು ಇಂದಿಗೂ ಉರಿಯುತ್ತಿವೆ, ಪಕ್ಕದಲ್ಲೇ ಪಿಂಗಾಣಿಯ ರಾಷ್ಟ್ರೀಯ ಮ್ಯೂಸಿಯಂ ಇದೆ.